ಯಾರೂ ಬರುವುದಿಲ್ಲವೆಂದು ಕೊಟ್ಟ ಊಟ

ಕೊಡುವ ಮನಸ್ಸಿದ್ದವರು ಕೈಗೆ ದುಡ್ಡು ಕೊಡುತ್ತಾರೆ, ಇಲ್ಲವೇ ಏನು ಬೇಕೆಂದು ಕೇಳಿ ಅದನ್ನು ತಂದು ಕೊಡುತ್ತಾರೆ. ಇವೆರಡೂ ಅಲ್ಲದ ಮೂರನೆಯದೊಂದನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ ಗೊತ್ತಿಲ್ಲ, ಆ ಹೋಟೆಲಿನವರು ಆ ವರ್ಷ ತಮ್ಮ ಕೆಲಸದವರಿಗೆ ಅದನ್ನೇ ಹಂಚಿದರು. ವರ್ಷದ ಕೊನೆಯ ರಜೆಗೆ ಮುಂಚೆ ಎಲ್ಲರಿಗೂ ಸಿಗುತ್ತಿದ್ದ ಲಕೋಟೆ ಮಾಯವಾಗಿ, ಅದರ ಜಾಗದಲ್ಲಿ ಕೆಂಪು ರಿಬ್ಬನ್ ಕಟ್ಟಿದ, ಮುಖ ಕಾಣುವಷ್ಟು ಹೊಳೆಯುವ ಒಂದು ಗಿಫ್ಟ್ ಕಾರ್ಡು ಬಂತು. ದುಡ್ಡೇನೋ ದುಡ್ಡೇ, ಆದರೆ ಮೂಗುದಾರ ಹಾಕಿದ ದುಡ್ಡು. ಅವರು ಎಳೆದ ಕಡೆಗೇ ಅದು ಹೋಗಬೇಕು. ಎಳೆದದ್ದಾದರೂ ಎಲ್ಲಿಗೆ? ಅದೇ ಹೋಟೆಲಿನ ಮೇಲಂತಸ್ತಿನ ಊಟದ ಹಾಲಿಗೆ.

ಮ್ಯಾನೇಜರ್ ಸ್ವತಃ ನೆಲಮಾಳಿಗೆಯ ಲಾಂಡ್ರಿಗೆ ಇಳಿದು ಬಂದಿದ್ದ. ಚಿಕ್ಕ ವಯಸ್ಸಿನವನು, ಮಾತು ನಯ. ಹಬೆಗೆ ಕನ್ನಡಕ ಮಂಜಾಗಿ, ಅದನ್ನು ಒರೆಸಿಕೊಳ್ಳುತ್ತಲೇ ಭಾಷಣ ಮಾಡಿದ. ನೀವೆಲ್ಲ ನಮ್ಮ ಮನೆಯವರಿದ್ದ ಹಾಗೆ, ವರ್ಷವಿಡೀ ಅತಿಥಿಗಳಿಗಾಗಿ ದುಡಿಯುತ್ತೀರಿ, ಈ ಸಲ ನೀವೇ ಅತಿಥಿಗಳಾಗಿ, ಮನೆಯವರನ್ನು ಕರೆದುಕೊಂಡು ಮೇಲೆ ಹೋಗಿ ಊಟ ಮಾಡಿ ಅಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಂಡಕ್ಕನೂ ತಟ್ಟಿದಳು. ಅವಳು ಮ್ಯಾನೇಜರೊಬ್ಬನ ಮಾತಿಗೆ ಚಪ್ಪಾಳೆ ತಟ್ಟಿದ್ದನ್ನು ಅಲ್ಲಿಯ ಯಾರೂ ಅದುವರೆಗೆ ಕಂಡಿರಲಿಲ್ಲ.

ಕೆಂಡಕ್ಕ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಲಾಂಡ್ರಿಯವರು ಇಟ್ಟದ್ದು. ಮೇಜುಬಟ್ಟೆಗಳನ್ನು ಬಿಸಿ ರೋಲರಿಗೆ ಕೊಟ್ಟು ತೆಗೆಯುವ ಕೆಲಸ ಅವಳದು. ರೋಲರಿನ ಕಾವು ಹೆಚ್ಚೋ ಅವಳದು ಹೆಚ್ಚೋ ಎಂದು ಜೊತೆಯವರು ನಗುತ್ತಿದ್ದರು. ಬಸ್ಸಿನಲ್ಲಿ ಚಿಲ್ಲರೆ ಇಲ್ಲವೆಂದ ಕಂಡಕ್ಟರನ ಜೊತೆ ಇಳಿಯುವ ನಿಲ್ದಾಣ ದಾಟಿಹೋದರೂ ವಾದ ಬಿಡುತ್ತಿರಲಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ಯಾರಾದರೂ ಮಧ್ಯೆ ನುಸುಳಿದರೆ, ಅದು ಅವಳಿಗಿಂತ ಹಿಂದೆಯೇ ಆಗಿದ್ದರೂ, ತಿರುಗಿ ನಿಂತು ಕೇಳುವವಳು ಅವಳೇ. ಗಂಡ ಬೇಕರಿಯಲ್ಲಿ ಹಿಟ್ಟು ಕಲಸುವವನು, ಮಾತು ಕಮ್ಮಿ. ಹೆಂಡತಿಯ ಬಾಯಿಯ ಬಗ್ಗೆ ಯಾರಾದರೂ ದೂರು ತಂದರೆ, ಅವಳು ಹೊರಗೆ ಬೈದು ಬಂದ ದಿನ ಮನೆಯಲ್ಲಿ ತನಗೆ ಭಾರಿ ನೆಮ್ಮದಿ ಅನ್ನುತ್ತಿದ್ದ.

ಆ ಸಿಟ್ಟಿಗೆ ಒಂದು ಬುಡವಿತ್ತು, ಅದು ಅವಳ ಅಕ್ಕ. ತಾಯಿ ಬೇಗ ಹೋದಳು. ತಲೆ ಬಾಚಿ, ಜಡೆ ಹಾಕಿ, ತನ್ನ ಪಾಲಿನದನ್ನೂ ತಂಗಿಯ ತಟ್ಟೆಗೆ ಸರಿಸಿ ಸಾಕಿದವಳು ಅಕ್ಕ. ಆ ಹೋಟೆಲಿನ ಲಾಂಡ್ರಿಗೆ ಮೊದಲು ಸೇರಿದವಳೂ ಅವಳೇ. ಅಲ್ಲಿ ಎಲ್ಲರ ಬಾಯಲ್ಲೂ ದೊಡ್ಡಕ್ಕ. ಜೋರಾಗಿ ಒಂದು ಮಾತಾಡಿದವಳಲ್ಲ. ಒಮ್ಮೆ ರೋಲರಿಗೆ ಸಿಕ್ಕಿ ಅವಳ ಮಣಿಕಟ್ಟು ಸುಟ್ಟಾಗ ಆಗಿನ ಮೇಸ್ತ್ರಿ ಅಜಾಗರೂಕತೆಯೆಂದು ಅವಳ ಸಂಬಳವನ್ನೇ ಕತ್ತರಿಸಿದ. ದೊಡ್ಡಕ್ಕ ಸುಮ್ಮನಿದ್ದಳು. ಕೆಲಸಕ್ಕೆ ಸೇರಿ ಇನ್ನೂ ಕಾಲೂರದ ತಂಗಿ, ನೀರು ಸೋರುವ ಒಂದು ರಾಶಿ ಹಾಸುಬಟ್ಟೆಯನ್ನು ತಂದು ಮೇಸ್ತ್ರಿಯ ಮೇಜಿನ ಮೇಲೆ ಸುರಿದು, ನೀನೇ ಬಂದು ಅಜಾಗರೂಕತೆ ಇಲ್ಲದ ಹಾಗೆ ಇಸ್ತ್ರಿ ಮಾಡಿ ತೋರಿಸು ಅಂದಳು. ಕತ್ತರಿಸಿದ ಸಂಬಳ ವಾಪಸು ಬಂತು. ಕೆಂಡಕ್ಕ ಅನ್ನುವ ಹೆಸರು ಅಂದಿನಿಂದಲೇ ಅಂಟಿಕೊಂಡಿತು.

ದೊಡ್ಡಕ್ಕನಿಗೆ ಒಂದೇ ಒಂದು ಆಸೆ. ಲಾಂಡ್ರಿಯಲ್ಲಿ ಊಟವೆಂದರೆ ಒಂದು ಯಂತ್ರ ನಿಂತು ಇನ್ನೊಂದು ಶುರುವಾಗುವ ನಡುವೆ, ಡಬ್ಬಿ ಕೈಯಲ್ಲಿ ಹಿಡಿದು ಬಟ್ಟೆಗಂಟಿನ ಮೇಲೆ ಕುಕ್ಕರಿಸಿ ನುಂಗುವ ನಾಲ್ಕು ತುತ್ತು. ಮೂರನೆಯ ತುತ್ತಿಗೆ ಯಾರಾದರೂ ಕರೆಯುತ್ತಿದ್ದರು, ಅವಳು ಏಳುತ್ತಿದ್ದಳು. ಒಂದು ದಿನ ಮೇಜುಬಟ್ಟೆಗಳನ್ನು ಒಪ್ಪಿಸಲು ಮೇಲೆ ಹೋದವಳು ಬಾಗಿಲ ಸಂದಿಯಿಂದ ಊಟದ ಹಾಲಿನೊಳಕ್ಕೆ ನೋಡಿದ್ದಳು. ಕಿಟಕಿಯ ಹತ್ತಿರ ಇಬ್ಬರು ಮುದುಕರು ಊಟ ಮಾಡುತ್ತ ಕೂತಿದ್ದರಂತೆ. ಅವಸರವಿಲ್ಲ, ಮಾತೂ ಇಲ್ಲ, ಬೇಕಾದಷ್ಟು ಹೊತ್ತು. ಅಂದಿನಿಂದ ಬಟ್ಟೆಯನ್ನು ರೋಲರಿಗೆ ಕೊಡುವಾಗೆಲ್ಲ ಅದನ್ನು ಅಂಗೈಯಿಂದ ಸವರಿ, ಇದರ ಮೇಲೆ ತಟ್ಟೆ ಇಟ್ಟುಕೊಂಡು, ಯಾರೂ ಏಳು ಅನ್ನದ ಹಾಗೆ ಒಂದು ಸಲ ಕೂತು ಊಟ ಮಾಡಬೇಕು ಎಂದು ತಂಗಿಗೆ ಹೇಳುತ್ತಿದ್ದಳು. ಮಂಡಿ ಕೈಕೊಟ್ಟು ಕೆಲಸ ಬಿಟ್ಟು, ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಇರತೊಡಗಿದ ಮೇಲೂ ಆ ಆಸೆ ಹಾಗೇ ಉಳಿದಿತ್ತು.

ಈಗ ಅದಕ್ಕೊಂದು ಗಡುವು ಬೇರೆ ಬಿದ್ದಿತ್ತು. ದೊಡ್ಡಕ್ಕನ ಒಸಡು ಹಾಳಾಗಿ ಹಲ್ಲುಗಳೆಲ್ಲ ಅಲುಗುತ್ತಿದ್ದವು. ಹೊಸ ವರ್ಷದ ಮೊದಲ ವಾರದಲ್ಲಿ ಉಳಿದವನ್ನೂ ಕಿತ್ತುಬಿಡುವುದೆಂದು ದಂತವೈದ್ಯೆ ಹೇಳಿದ್ದಳು. ಆಮೇಲೆ ತಿಂಗಳುಗಟ್ಟಲೆ ಗಂಜಿ, ಆಮೇಲೆ ಕಟ್ಟಿಸಿದ ಹಲ್ಲು. ಎಡದ ದವಡೆಯಲ್ಲಿ ಇನ್ನೂ ಒಂದೆರಡು ಗಟ್ಟಿಯಾಗಿದ್ದವು. ಊಟವೆಂದು ಒಂದು ಮಾಡುವುದಾದರೆ ಸ್ವಂತ ಹಲ್ಲಿನಲ್ಲೇ ಮಾಡಬೇಕು ಎಂದು ದೊಡ್ಡಕ್ಕ ನಗುತ್ತ ಹೇಳಿದ್ದು ತಂಗಿಯ ಎದೆಯಲ್ಲಿ ಕೂತುಬಿಟ್ಟಿತ್ತು. ಕೆಂಡಕ್ಕ ಚಪ್ಪಾಳೆ ತಟ್ಟಿದ್ದು ಅದಕ್ಕೆ.

ಮ್ಯಾನೇಜರನ ಬೆನ್ನು ಮರೆಯಾದದ್ದೇ ತಡ, ಸ್ಟೋರಿನವನು ಕೆಳಗಿಳಿದು ಬಂದ. ಸೋಪು ಪುಡಿ, ಟವೆಲು ಲೆಕ್ಕ ನೋಡಿಕೊಳ್ಳುವ ಆಸಾಮಿ. ಎಲ್ಲಿ ಯಾರಿಗೆ ನಗದಿನ ತುರ್ತು ಎಂಬುದು ಅವನಿಗೆ ಅವರಿಗಿಂತ ಮೊದಲೇ ಗೊತ್ತಾಗುತ್ತಿತ್ತು. ಕಾರ್ಡನ್ನು ಅರ್ಧ ಬೆಲೆಗೆ ಕೊಳ್ಳುತ್ತೇನೆ, ದುಡ್ಡು ಈಗಲೇ ಕೈಗೆ ಅಂದ. ಅವನು ಅದನ್ನು ಹೊರಗೆ ಉಳ್ಳವರಿಗೆ ಪೂರ್ತಿ ಬೆಲೆಗೆ ದಾಟಿಸುವವನು. ಜೊತೆಯವರು ಒಬ್ಬೊಬ್ಬರಾಗಿ ಕೊಟ್ಟರು. ಒಬ್ಬಳಿಗೆ ಮಗನ ಶೂ ಆಗಬೇಕಿತ್ತು, ಇನ್ನೊಬ್ಬಳಿಗೆ ಮೇಲೆ ಹೋಗಲು ಉಡುವುದಕ್ಕೇ ಇರಲಿಲ್ಲ. ಮತ್ತೊಬ್ಬ, ಅಲ್ಲಿ ಯಾವ ಚಮಚ ಮೊದಲು ಹಿಡಿಯಬೇಕೋ ನನಗೆ ಗೊತ್ತಿಲ್ಲಪ್ಪ ಎಂದು ಕೈತೊಳೆದುಕೊಂಡ. ಕೆಂಡಕ್ಕನಿಗೆ ಅವರ ಮೇಲೂ ರೇಗಿತು, ಆದರೆ ರೇಗಬೇಕಾದವರು ಅವರಲ್ಲವೆಂದು ಅವಳಿಗೇ ಗೊತ್ತಿತ್ತು. ಲಕೋಟೆ ಕೊಟ್ಟಿದ್ದರೆ ಶೂ ಪೂರ್ತಿ ಬೆಲೆಗೆ ಬರುತ್ತಿರಲಿಲ್ಲವೇ? ಬಡವರಿಗೆ ಕೊಟ್ಟದ್ದರಲ್ಲಿ ಅರ್ಧ ದಾರಿಯಲ್ಲೇ ಸೋರಿಹೋಗುವ ಹಾಗೆ ಕೊಡುವುದಕ್ಕೆ ಉಡುಗೊರೆ ಅಂತ ಹೆಸರು.

ಸ್ಟೋರಿನವನು ಅವಳ ಹತ್ತಿರವೂ ಬಂದು, ಮೇಲೆ ಹೋಗಿ ಕೂರುವ ಜನವೇ ನಾವು ಎಂದು ಹಲ್ಲು ಕಿರಿದ. ನೀನು ಯಾವ ಜನವೋ ನನಗೆ ಗೊತ್ತಿಲ್ಲ, ನಾನು ಹಸಿವಾದರೆ ಊಟ ಮಾಡುವ ಜನ ಎಂದು ಅವನನ್ನು ಅಟ್ಟಿದಳು.

ಅಂದು ಸಂಜೆ ಮನೆಯಲ್ಲಿ ಕಾರ್ಡಿನ ಹಿಂಬದಿಯನ್ನು ಓದಲು ಕೂತಳು. ಮುಂದುಗಡೆ ಶುಭಾಶಯ ಅಂಗೈಯಗಲ, ಹಿಂದುಗಡೆ ಷರತ್ತು ಇರುವೆ ಸಾಲು. ಗಂಡ ದೀಪವನ್ನು ಹತ್ತಿರ ಹಿಡಿದ. ಇಂಥದನ್ನು ಕೈಗೆ ಬಂದ ದಿನವೇ ತಿರುಗಿಸಿ ಓದಬೇಕು, ಆಮೇಲೆ ಓದಿದರೆ ಅಳುವುದಕ್ಕೆ ಮಾತ್ರ ಬರುತ್ತದೆ. ಕಾರ್ಡು ವರ್ಷದ ಕೊನೆಯ ದಿನಕ್ಕೆ ಮುಗಿಯುತ್ತದೆ ಎಂದು ಒಂದು ಸಾಲು. ರಜೆಯ ದಿನಗಳಲ್ಲಿ ನಡೆಯುವುದಿಲ್ಲ ಎಂದು ಇನ್ನೊಂದು. ರಜೆ ಶುರುವಾಗುವುದು ಬರುವ ವಾರ, ಮುಗಿಯುವುದು ವರ್ಷದ ಜೊತೆಗೇ. ಅಂದರೆ ರಜೆಗೆಂದು ಕೊಟ್ಟ ಕಾರ್ಡು ರಜೆಯಲ್ಲಿ ಬಿಟ್ಟು ಬೇರೆ ದಿನ ನಡೆಯುತ್ತದೆ, ಆ ಬೇರೆ ದಿನಗಳಲ್ಲಿ ಇವರಿಗೆಲ್ಲ ಕೆಲಸ. ಉಳಿದ ಹಣ ವಾಪಸು ಕೊಡುವುದಿಲ್ಲ ಎಂಬ ಮೂರನೆಯ ಸಾಲೂ ಇತ್ತು. ಕೆಂಡಕ್ಕ ಇದನ್ನೆಲ್ಲ ಗಟ್ಟಿಯಾಗಿ ಓದಿ, ಹಸಿದವನಿಗೆ ಊಟ ಬಡಿಸಿ ಕೈ ಕಟ್ಟಿಹಾಕುವ ಬುದ್ಧಿ ಇದು ಅಂದಳು. ದೊಡ್ಡಕ್ಕ ಮಾತ್ರ, ಇನ್ನೂ ನಾಲ್ಕು ದಿನ ಇದೆಯಲ್ಲ, ಸಾಕು ಬಿಡು ಎಂದು ತನ್ನ ಒಳ್ಳೆಯ ಬಟ್ಟೆಯನ್ನು ಪೆಟ್ಟಿಗೆಯಿಂದ ತೆಗೆಯಲು ಹೋದಳು.

ಗುರುವಾರ ಮಧ್ಯಾಹ್ನಕ್ಕೆ ಕೆಂಡಕ್ಕ ಅರ್ಧ ದಿನದ ರಜೆ ಬರೆದುಕೊಟ್ಟಳು. ಅಕ್ಕ ತಂಗಿ ಇಬ್ಬರೂ ಹೋಟೆಲಿನ ಮುಂಬಾಗಿಲಿನಿಂದಲೇ ಒಳಗೆ ಹೋದರು. ಇಷ್ಟು ವರ್ಷ ಹಿತ್ತಲ ಕಡೆಯ ಇಳಿಜಾರಿನಲ್ಲಿ ಕಸದ ಡಬ್ಬಿಗಳ ಪಕ್ಕದಿಂದ ಒಳಹೊಕ್ಕವರು. ಬಾಗಿಲು ಕಾಯುವವನು ಗುರುತು ಹಿಡಿದು ಹುಬ್ಬೇರಿಸಿದ, ಆದರೆ ದೊಡ್ಡಕ್ಕನ ಕೈಕೋಲು ನೋಡಿ ಬಾಗಿಲು ತೆರೆದ. ಮೇಲೆ ಊಟದ ಹಾಲು ಅರ್ಧಕ್ಕರ್ಧ ಖಾಲಿ ಇತ್ತು. ಮೇಜುಮೇಜಿಗೂ ಬಿಳಿ ಬಟ್ಟೆ ಹಾಸಿತ್ತು. ಆ ಬಟ್ಟೆಗಳಲ್ಲಿ ಕೆಂಡಕ್ಕನ ಕೈ ಮುಟ್ಟದ್ದು ಒಂದೂ ಇರಲಿಲ್ಲ.

ಹಾಲಿನ ಉಸ್ತುವಾರಿಯ ಕ್ಯಾಪ್ಟನ್, ಕರಿ ಕೋಟು ತೊಟ್ಟವನು, ನಗುತ್ತ ಎದುರಿಗೆ ಬಂದ. ಹತ್ತಿರ ಬಂದಂತೆ ನಗು ಕರಗಿತು.

“ನೀವು ಕೆಳಗಡೆ ಲಾಂಡ್ರಿಯವರಲ್ವಾ?” ಅಂದ.

ಹೌದು, ಇವತ್ತು ಊಟಕ್ಕೆ ಬಂದಿದ್ದೇವೆ ಎಂದು ಕೆಂಡಕ್ಕ ಕಾರ್ಡು ತೋರಿಸಿದಳು. ಕ್ಯಾಪ್ಟನ್ ಅದನ್ನು ಮುಟ್ಟಲೇ ಇಲ್ಲ. ಕೆಲಸದವರು ಅತಿಥಿಗಳ ಜಾಗದಲ್ಲಿ ಕೂರುವ ಹಾಗಿಲ್ಲ, ಮೊದಲಿಂದಲೂ ಇರುವ ನಿಯಮ, ತಾನು ಮಾಡಿದ್ದಲ್ಲ ಅಂದ. ಬೇಕಾದರೆ ಪಾರ್ಸಲ್ ಕಟ್ಟಿಸಿಕೊಡುತ್ತೇನೆ, ಕೆಳಗೆ ಹೋಗಿ ತಿನ್ನಿ ಅಂತಲೂ ಅಂದ. ಕಾರ್ಡು ಕೊಟ್ಟದ್ದು ಕೆಲಸದವರಿಗೆ. ಕಾರ್ಡು ನಡೆಯುವುದು ಈ ಹಾಲಿನಲ್ಲಿ. ಈ ಹಾಲಿನಲ್ಲಿ ಕೆಲಸದವರು ಕೂರುವಂತಿಲ್ಲ. ಇಷ್ಟು ದೊಡ್ಡ ಹೋಟೆಲು, ಅಷ್ಟೊಂದು ಮ್ಯಾನೇಜರುಗಳು, ಮೀಟಿಂಗಿನ ಮೇಲೆ ಮೀಟಿಂಗು, ಈ ಮೂರು ಮಾತುಗಳನ್ನು ಒಟ್ಟಿಗೆ ಇಟ್ಟು ನೋಡುವ ಒಂದು ತಲೆ ಅಲ್ಲಿರಲಿಲ್ಲ. ಇಲ್ಲವೇ ನೋಡಿಯೇ ಇಟ್ಟಿದ್ದರು.

ಮ್ಯಾನೇಜರನ್ನು ಕರೆಯಿರಿ ಅಂದಳು ಕೆಂಡಕ್ಕ. ಅವಳ ದನಿ ಏರಿದ್ದಕ್ಕೆ ಊಟಕ್ಕೆ ಕೂತಿದ್ದ ಒಂದಿಬ್ಬರು ತಿರುಗಿ ನೋಡಿದರು. ಮ್ಯಾನೇಜರ್ ಓಡಿ ಬಂದ, ಅದೇ ನಯದ ಮಾತು. ಮೊದಲು ನಿಯಮ ಅಂದ. ಆಮೇಲೆ, ಕಾರ್ಡನ್ನು ನೆಂಟರಿಗೋ ಪರಿಚಯದವರಿಗೋ ಕೊಡಬಹುದಿತ್ತಲ್ಲ ಅಂದ. ನನ್ನ ಕೈಗೆ ಕೊಟ್ಟು, ನೀವೇ ಅತಿಥಿಗಳಾಗಿ ಎಂದು ಎಲ್ಲರೆದುರು ಹೇಳಿದವರು ಯಾರು ಎಂದು ಅವಳು ಕೇಳಿದಾಗ ಅವನು ಕ್ಯಾಪ್ಟನ್‌ನ ಮುಖ ನೋಡಿದ. ಆಮೇಲೆ ದನಿ ತಗ್ಗಿಸಿ, ನಂಬಿಕಸ್ತಳಿಗೆ ಗುಟ್ಟು ಹೇಳುವ ಹಾಗೆ, ಆ ಮಾತನ್ನು ಆಡಿದ.

“ನಿಜ ಹೇಳ್ಬೇಕಂದ್ರೆ, ಯಾರೂ ಬರಲ್ಲ ಅಂದ್ಕೊಂಡಿದ್ವಿ.”

ಅವನು ಕೆಟ್ಟವನೇನಲ್ಲ, ಸಂಕಟದಲ್ಲಿ ಬಾಯಿಗೆ ಬಂದ ನಿಜ ಹೇಳಿಬಿಟ್ಟ. ಕೇಳಿಸಿಕೊಂಡವರಿಗೆ ಆದದ್ದನ್ನು ಏನು ಹೇಳುವುದು? ನೀರಿಲ್ಲವೆಂದು ಗೊತ್ತಿರುವ ಬಾವಿಯನ್ನು ತೋರಿಸಿ, ಎಷ್ಟು ಬೇಕೋ ಸೇದಿಕೊಳ್ಳಿ ಅಂದರೆ ಅದಕ್ಕೆ ಔದಾರ್ಯ ಅನ್ನಬೇಕೇ? ಯಾರೂ ಬರುವುದಿಲ್ಲ ಎಂಬ ಧೈರ್ಯದ ಮೇಲೆ ಕೆಂಪು ರಿಬ್ಬನ್ ಕಟ್ಟಿ ಹಂಚಿದ್ದರು. ಹಂಚಿದ್ದಕ್ಕೆ ಚಪ್ಪಾಳೆಯನ್ನೂ ಗಿಟ್ಟಿಸಿಕೊಂಡಿದ್ದರು. ತಾನು ತಟ್ಟಿದ ಚಪ್ಪಾಳೆ ನೆನಪಾಗಿ ಕೆಂಡಕ್ಕನ ಕಿವಿಯ ತುದಿಯವರೆಗೆ ಬಿಸಿಯೇರಿತು.

“ಬಂದಿದೀವಲ್ಲ ಸಾರ್” ಅಂದಳು. “ಈಗೇನ್ಮಾಡ್ತೀರಿ?”

ಅಷ್ಟರಲ್ಲಿ ಕ್ಯಾಪ್ಟನ್ ಪಕ್ಕಕ್ಕೆ ತಿರುಗಿ ಗಾಬರಿಯಾದ. ಈ ಮಾತುಕತೆಯ ನಡುವೆ ದೊಡ್ಡಕ್ಕನನ್ನು ಯಾರೂ ಗಮನಿಸಿರಲಿಲ್ಲ. ಮಂಡಿ ನೋಯುತ್ತಿತ್ತು, ಅವಳು ಹತ್ತಿರದ ಮೇಜಿಗೆ ಹೋಗಿ ಕೂತುಬಿಟ್ಟಿದ್ದಳು. ಕೈಕೋಲನ್ನು ಕುರ್ಚಿಗೆ ಒರಗಿಸಿ, ಮಡಚಿಟ್ಟ ನ್ಯಾಪ್‌ಕಿನ್ ಬಿಡಿಸಿ ತೊಡೆಯ ಮೇಲೆ ಹಾಸಿಕೊಂಡಿದ್ದಳು. ಕ್ಯಾಪ್ಟನ್ ಬಾಗಿ, ಅಮ್ಮ, ದಯವಿಟ್ಟು ಸ್ವಲ್ಪ ಏಳಿ ಅಂದ. ದೊಡ್ಡಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಆ ಎರಡಕ್ಷರದ ಮಾತನ್ನು ಅವಳು ಜೀವಮಾನವಿಡೀ ಕೇಳಿದ್ದಳು, ಕೇಳಿದಾಗೆಲ್ಲ ಎದ್ದಿದ್ದಳು.

“ಮೊದ್ಲು ಒಂದು ಸೂಪ್ ತರ್ತೀರಾ?” ಅಂದಳು. “ಬಿಸಿಯಾಗಿರ್ಲಿ.”

ಮೇಲೇಳಿಸಬೇಕೆಂದರೆ ಮುದುಕಿಯನ್ನು ರಟ್ಟೆ ಹಿಡಿದು ಎತ್ತಬೇಕು, ಅದೂ ಅತಿಥಿಗಳೆದುರು. ಮ್ಯಾನೇಜರ್ ಕನ್ನಡಕ ತೆಗೆದು, ಮಂಜಿಲ್ಲದಿದ್ದರೂ ಒರೆಸಿಕೊಂಡು, ಸರಿ, ಇವತ್ತೊಂದು ದಿನ, ನಿಮಗೆ ಮಾತ್ರ ಅಂದ. ಕೆಳಗೆ ಯಾರಿಗೂ ಹೇಳಬೇಡಿ ಎಂದೂ ಸೇರಿಸಿದ. ಹೇಳುತ್ತೇನೆ ಎಂದು ಕೆಂಡಕ್ಕ ಅವನ ಮುಖಕ್ಕೇ ಹೇಳಿ, ಅಕ್ಕನ ಎದುರಿನ ಕುರ್ಚಿ ಎಳೆದು ಕೂತಳು.

ಹೇಳಿದಳು ಕೂಡ. ಆ ಭಾಗವನ್ನು ಇಲ್ಲೇ ಮುಗಿಸಿಬಿಡುವುದು ವಾಸಿ. ಮರುದಿನ ಬೆಳಿಗ್ಗೆ ರೋಲರು ಕಾಯುವ ಮುಂಚೆಯೇ ಲಾಂಡ್ರಿಗೆ, ಅಡುಗೆಮನೆಗೆ, ಕೋಣೆ ಗುಡಿಸುವವರಿಗೆಲ್ಲ ಸುದ್ದಿ ಮುಟ್ಟಿತು. ಕಾರ್ಡು ಮಾರದೆ ಉಳಿದಿದ್ದವರು ರಜೆ ಶುರುವಾಗುವ ಮುಂಚೆ ಮೇಲೆ ಹೋಗಿ ಕೂತರು. ಒಬ್ಬಳಿಗೆ ಬಿಟ್ಟಮೇಲೆ ಉಳಿದವರಿಗೆ ಇಲ್ಲ ಅನ್ನಲು ಕ್ಯಾಪ್ಟನ್‌ಗೆ ಬಾಯಿ ಬರಲಿಲ್ಲ. ಚಮಚಕ್ಕೆ ಹೆದರಿದವನು ಮಾತ್ರ ಮಾರಿದ ಕಾರ್ಡನ್ನು ವಾಪಸು ಕೇಳಲು ಹೋಗಿ, ಸ್ಟೋರಿನವನು ಪೂರ್ತಿ ಬೆಲೆ ಹೇಳಿದ್ದಕ್ಕೆ ಬೈದು ಬಂದ. ಶೂ ಕೊಂಡವಳ ಮಗ ಶೂ ಹಾಕಿಕೊಂಡು ಓಡಾಡಿದ, ಅಷ್ಟಾದರೂ ಆಯಿತು. ಮುಂದಿನ ವರ್ಷ ಕಾರ್ಡು ಬರಲಿಲ್ಲ. ಲಕೋಟೆಯೂ ಬರಲಿಲ್ಲ. ನಾವು ಕೊಟ್ಟದ್ದರಿಂದ ಬೇಸರವಾಯಿತಂತಲ್ಲ ಎಂದು ಮೇಲಿನವರು ಕೈ ಕೊಡವಿಕೊಂಡರು. ಕೆಂಡಕ್ಕ ಅದಕ್ಕೂ ಜಗಳ ತೆಗೆದಳು, ಆ ಜಗಳ ಇನ್ನೂ ನಡೆಯುತ್ತಿದೆ.

ಆ ಗುರುವಾರದ ಮೇಜಿಗೆ ವಾಪಸು ಬಂದರೆ, ಸೂಪು ಬಂತು, ಬ್ರೆಡ್ಡು ಬಂತು, ಬೇಯಿಸಿದ ಕೋಳಿ, ಹುರಿದ ಆಲೂಗಡ್ಡೆ ಬಂತು. ಕಾರ್ಡಿನ ಮೊತ್ತ ದಾಟದ ಹಾಗೆ, ಉಳಿಯದ ಹಾಗೆ, ಕೆಂಡಕ್ಕ ಮೊದಲೇ ಬೆಲೆಪಟ್ಟಿ ನೋಡಿ ಹೇಳಿಬಿಟ್ಟಿದ್ದಳು. ಒಂದು ಕಾಸನ್ನೂ ಇವರಿಗೆ ಬಿಟ್ಟುಕೊಡಬಾರದು ಎಂಬ ಹಟ. ದೊಡ್ಡಕ್ಕ ಎಲ್ಲವನ್ನೂ ಸಣ್ಣಸಣ್ಣ ತುಂಡು ಮಾಡಿಕೊಂಡು, ಎಡದ ದವಡೆಗೆ ಸರಿಸಿ ನಿಧಾನವಾಗಿ ಅಗಿಯುತ್ತಿದ್ದಳು. ಮಧ್ಯೆಮಧ್ಯೆ ಚಮಚ ಕೆಳಗಿಟ್ಟು ಕಿಟಕಿಯಾಚೆ ರಸ್ತೆಯಲ್ಲಿ ಹೋಗುವವರನ್ನು ನೋಡುತ್ತಿದ್ದಳು.

ಕೆಂಡಕ್ಕ ತುತ್ತು ಮುಟ್ಟಿರಲಿಲ್ಲ. ಯಾರೂ ಬರಲ್ಲ ಅಂದ್ಕೊಂಡಿದ್ವಿ. ಅದಕ್ಕೆ ಕೊಡಬೇಕಾಗಿದ್ದ ಉತ್ತರಗಳು ಈಗ ಒಂದರ ಹಿಂದೊಂದು ಬರುತ್ತಿದ್ದವು, ಮೊದಲಿನದಕ್ಕಿಂತ ಎರಡನೆಯದು ಖಾರ, ಎರಡನೆಯದಕ್ಕಿಂತ ಮೂರನೆಯದು. ಮ್ಯಾನೇಜರ್ ಬಾಗಿಲ ಹತ್ತಿರ ಯಾರ ಜೊತೆಗೋ ನಗುತ್ತ ನಿಂತಿದ್ದ. ಅವಳ ಕಣ್ಣು ಅವನ ಬೆನ್ನನ್ನು ಬಿಟ್ಟಿರಲಿಲ್ಲ. ನಗುತ್ತಾನೆ ನೋಡು, ನಗಲಿ, ನಾಳೆ ಕೆಳಗೆ ಬರಲಿ. ಇವರ ನಿಯಮವಂತೆ, ಇವರ ಔದಾರ್ಯವಂತೆ, ಮೂಗಿನ ಮೇಲೆ ಕನ್ನಡಕ ಬೇರೆ.

ದೊಡ್ಡಕ್ಕ ನ್ಯಾಪ್‌ಕಿನ್ನಿನಿಂದ ಬಾಯಿ ಒರೆಸಿಕೊಂಡಳು.

“ಆಗ್ಲಿಂದ ನೋಡ್ತಿದೀನಿ ಕಣೇ” ಅಂದಳು, ಸಿಟ್ಟಿಲ್ಲದ ದನಿಯಲ್ಲಿ. “ನೀನು ಆ ಮ್ಯಾನೇಜರ್ ಜೊತೆ ಊಟಕ್ಕೆ ಕೂತಿದೀಯ. ನಾನಿಲ್ಲಿ ಒಬ್ಳೇ ಇದೀನಿ.”

ಕೆಂಡಕ್ಕ ಬಾಗಿಲಿನಿಂದ ಕಣ್ಣು ತೆಗೆದು ಈಚೆ ನೋಡಿದಳು. ಅಕ್ಕನ ತಟ್ಟೆ ಅರ್ಧ ಖಾಲಿಯಾಗಿತ್ತು. ಅರ್ಧ ಊಟವನ್ನು ಅಕ್ಕ ಒಬ್ಬಳೇ ಮಾಡಿ ಮುಗಿಸಿದ್ದಳು. ಎಷ್ಟೋ ವರ್ಷದಿಂದ ಅಕ್ಕನಿಗೋಸ್ಕರ ಜಗಳವಾಡಿದ್ದೇನೆ ಎಂದುಕೊಂಡಿದ್ದವಳಿಗೆ, ಆ ಜಗಳಗಳ ಹೊತ್ತಿನಲ್ಲೆಲ್ಲ ಅಕ್ಕ ಎಲ್ಲಿ ನಿಂತಿದ್ದಳು, ಅವಳ ಮುಖ ಹೇಗಿತ್ತು ಎಂದು ನೆನೆಸಿಕೊಂಡರೆ ಒಂದೂ ನೆನಪಿಗೆ ಬರಲಿಲ್ಲ. ಎದುರಾಳಿಗಳ ಮುಖ ಮಾತ್ರ ಒಂದೊಂದೂ ನೆನಪಿತ್ತು.

“ಹೇಗಿದೆ ಅಕ್ಕ?” ಎಂದು ಕೇಳಿದಳು.

“ಉಪ್ಪು ಕಮ್ಮಿ. ಆಲೂಗಡ್ಡೆ ಚೆನ್ನಾಗಿದೆ, ಆರಿಹೋಗೋಕೆ ಮುಂಚೆ ತಿನ್ನು.”

ಸಿಟ್ಟು ಇಳಿದಿರಲಿಲ್ಲ, ಇಳಿಯುವ ಸಿಟ್ಟೂ ಅದಲ್ಲ. ಆದರೆ ಕೆಂಡಕ್ಕ ಬಾಗಿಲ ಕಡೆಗೆ ಬೆನ್ನಾಗುವಂತೆ ಕುರ್ಚಿ ತಿರುಗಿಸಿಕೊಂಡು, ಅಕ್ಕನ ಹತ್ತಿರಕ್ಕೆ ಎಳೆದುಕೊಂಡು, ಮೊದಲ ತುತ್ತನ್ನು ಬಾಯಿಗಿಟ್ಟಳು.